ಮೀಟರ್ ಬರೋತನಕ ಬಿಸಿಲನ್ನ ಎಲ್ಲಿ ಇಡಲಿ?

ಮಾನ್ಯರೇ,

ನಮ್ಮ ಬಡಾವಣೆಯ ಸೋಲಾರ್ ಮೇಳದ ವರದಿಯನ್ನು ಸೋಮವಾರದ ಪತ್ರಿಕೆಯಲ್ಲಿ ನೋಡಿದೆ. ಫೋಟೊ ಚೆನ್ನಾಗಿ ಬಂದಿದೆ. ಆ ಶಾಮಿಯಾನದಿಂದ ನಾಲ್ಕು ಮನೆ ಆಚೆಗೆ ನಮ್ಮ ಮನೆ. ತಾರಸಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಮೀಟರ್ ಹಾಕದ ಕಾರಣ ಜನವರಿಯಿಂದ ಸುಮ್ನೆ ಬಿಸಿಲು ಕಾಯುತ್ತಾ ಮಲಗಿದೆ. ಅದು ವರದಿಯಲ್ಲಿ ಬಂದಿಲ್ಲ. ಯಾರೂ ಮೆಟ್ಟಿಲು ಹತ್ತಿ ನೋಡಿರಲಿಲ್ಲ, ಬಿಡಿ.

ನಿನ್ನೆ ಮೀಟರ್ ಹಾಕೋಕೆ ಬರ್ತೀವಿ, ಮನೇಲೇ ಇರಿ ಅಂತ ಕರೆಂಟ್ ಕಂಪನಿಯಿಂದ ಫೋನ್ ಬಂದಿತ್ತು. ಮೈಸೂರಿನಲ್ಲಿ ನಾದಿನಿ ಮಗಳ ಸೀಮಂತ ಇತ್ತು, ಹೋಗಲಿಲ್ಲ. ಯಜಮಾನರು ಅರ್ಧ ದಿನ ರಜೆ ಹಾಕಿದರು. ಹತ್ತು ಗಂಟೆಗೆ ಬರಬೇಕಾದವರು ಮೂರೂವರೆಗೆ ಬಂದರು, ಅದೂ ಮೀಟರ್ ಇಲ್ಲದೆ. ಬರಿಗೈ! "ಆಂಟಿ, ಸ್ಟಾಕ್ ಇಲ್ಲ, ಬೋರ್ಡ್ ನೋಡ್ಕೊಂಡು ಹೋಗೋಣ ಅಂತ ಬಂದ್ವಿ" ಅಂದ ಆ ಹುಡುಗ. ಬೋರ್ಡನ್ನು ಫೆಬ್ರವರಿಯಲ್ಲಿ ಒಬ್ಬರು ನೋಡಿಕೊಂಡು ಹೋಗಿದ್ದಾರೆ, ಮಾರ್ಚ್‌ನಲ್ಲಿ ಇನ್ನೊಬ್ಬರು ಫೋಟೊ ಹೊಡೆದುಕೊಂಡು ಹೋಗಿದ್ದಾರೆ. ಹೆಣ್ಣು ನೋಡೋಕೆ ಬಂದವರೂ ಇಷ್ಟು ಸಲ ನೋಡಲ್ಲ. ಕಾಫಿ ಬೇರೆ ಕೊಟ್ಟೆ.

ಮೀಟರ್ ಇಲ್ಲದಿದ್ದರೆ ಏನಂತೆ, ಸ್ವಿಚ್ ಒತ್ತಿ ಬಳಸಿಕೊಳ್ಳಿ ಅಂತ ಹೇಳುವವರಿಗೆ ಒಂದು ಮಾತು. ಹಾಗೆ ಮಾಡಿದರೆ ನಾವು ಹೊರಗೆ ಕೊಟ್ಟ ಕರೆಂಟನ್ನೂ ಹಳೇ ಮೀಟರ್ ನಾವೇ ಬಳಸಿದ್ದು ಅಂತ ಓದಿಬಿಡಬಹುದು, ನಮ್ಮ ಕರೆಂಟಿಗೆ ನಾವೇ ದುಡ್ಡು ಕಟ್ಟಬೇಕಾಗುತ್ತೆ ಅಂತ ಫಲಕ ಹಾಕಿದವರೇ ಎಚ್ಚರಿಸಿದ್ದಾರೆ. ಹೋಗೋದು, ಬರೋದು ಎರಡನ್ನೂ ಓದುವ ಮೀಟರೇ ಬೇಕು. 3 ಕಿಲೋವ್ಯಾಟ್‌ಗೆ ಕೇಂದ್ರದ 78,000 ರೂಪಾಯಿ ಸಬ್ಸಿಡಿ ಇದೆಯಲ್ಲ, ಅದೂ ಮೀಟರ್ ಹಾಕಿ ಎಲ್ಲ ಚಾಲೂ ಆದ ಮೇಲೇ ಖಾತೆಗೆ ಬರೋದು. ಬ್ಯಾಂಕಿನ ಕಂತು ಮಾತ್ರ ಯಾವ ಮೀಟರಿಗೂ ಕಾಯದೆ ಪ್ರತಿ ತಿಂಗಳು 5ನೇ ತಾರೀಖು ಕಟ್ ಆಗುತ್ತಿದೆ. ಕಿಲೋವ್ಯಾಟ್‌ಗೆ ದಿನಕ್ಕೆ ನಾಲ್ಕು ಯೂನಿಟ್ ಅಂತ ಹಿಡಿದರೂ ತೊಂಬತ್ತು ದಿನಕ್ಕೆ ಸಾವಿರ ಯೂನಿಟ್ ದಾಟಿತು. ಎಲ್ಲಿ ಹೋಯಿತು? ಪಾರಿವಾಳಕ್ಕೆ. ಫಲಕದ ಕೆಳಗೆ ಗೂಡು ಕಟ್ಟಿ ಎರಡು ಸಂಸಾರ ಆಗಿವೆ. ಚೆನ್ನಾಗಿ ಬಿಸಿಲು ಬೀಳುವ ಜಾಗವೆಲ್ಲ ಫಲಕಕ್ಕೇ ಹೋಯಿತು. ಈ ವರ್ಷ ಸಂಡಿಗೆ ಇಡಲಿಲ್ಲ, ಅಂಗಡಿಯಿಂದ ತಂದೆ. ಬಾಯಿಗೆ ಇಡೋಕಾಗಲ್ಲ.

ಪಕ್ಕದ ಮನೆಯವರು ನಗುತ್ತಾರೆ. ಗೃಹಜ್ಯೋತಿಯ ಪುಕ್ಕಟೆ ಕರೆಂಟ್ ಇರುವಾಗ ನಿಮಗ್ಯಾಕ್ರೀ ಈ ಉಸಾಬರಿ ಅಂತ. ಬೇಸಿಗೆಯಲ್ಲಿ ನಮ್ಮ ಮನೆ 200 ಯೂನಿಟ್ ದಾಟುತ್ತೆ, ದಾಟಿದರೆ ಪೂರ್ತಿ ಬಿಲ್ ನಮ್ಮದೇ. ಅದಕ್ಕೇ ಮೊದಲು ಫ್ಯಾನ್ ಬದಲಾಯಿಸಿದೆವು, 75 ವ್ಯಾಟ್‌ನದು ತೆಗೆದು 30ರ ಆಸುಪಾಸಿನದು ಹಾಕಿಸಿದೆವು. ಬಲ್ಬೆಲ್ಲ ಎಲ್‌ಇಡಿ. ತಾರಸಿಗೆ ಬಿಳಿ ಬಣ್ಣ ಹೊಡೆಸಿದ ಮೇಲೆ ಮಧ್ಯಾಹ್ನ ಮೇಲಿನ ರೂಮಿನಲ್ಲಿ ಮಲಗೋಕಾಗುತ್ತೆ. ಇದಕ್ಕೆಲ್ಲ ಯಾರ ಸಹಿಯೂ ಬೇಕಿರಲಿಲ್ಲ, ಅದಕ್ಕೇ ಬೇಗ ಆಯಿತು ನೋಡಿ.

ನಾವಿಲ್ಲಿ ಒಂದು ರೂಮಿಂದ ಎದ್ದು ಹೋಗುವಾಗ ಲೈಟ್ ಆರಿಸಿ ಅಂತ ಮೊಮ್ಮಗನಿಗೆ ಬೈಯುತ್ತೇವೆ. ನಮ್ಮ ಕ್ರಾಸಿನ ಬೀದಿದೀಪ ಬೆಳಿಗ್ಗೆ ಹನ್ನೊಂದಾದರೂ ಉರಿಯುತ್ತಿರುತ್ತದೆ. 1905ರಲ್ಲಿ ಶಿವನಸಮುದ್ರದಿಂದ ಕರೆಂಟ್ ತಂದು ಬೆಂಗಳೂರಿನ ಮಾರ್ಕೆಟ್ಟಿನಲ್ಲಿ ದೀಪ ಹಚ್ಚಿದರಲ್ಲ, ಆ ಸಂಭ್ರಮದಲ್ಲಿ ಆರಿಸೋದನ್ನು ಮರೆತರೋ ಏನೋ.

ಇದೇನು ಹೊಸದಲ್ಲ. ಸೋಲಾರ್ ವಾಟರ್ ಹೀಟರ್ ಹಾಕಿಸಿದಾಗ ಬಿಲ್ಲಿನಲ್ಲಿ ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ ಇತ್ತು. ಅದಕ್ಕೆ ಓಡಾಡಿದ ಆಟೊ ಖರ್ಚೇ ಅದಕ್ಕಿಂತ ಜಾಸ್ತಿ. ಮಳೆ ನೀರಿನ ಕೊಯ್ಲು ಕಡ್ಡಾಯ ಅಂತ 2009ರಲ್ಲಿ ಕಾನೂನು ಬಂದ ಮೇಲೆ ಜಯನಗರದ ಮಳೆ ನೀರಿನ ಪಾರ್ಕಿಗೆ ಹೋಗಿ ಕಲಿತು ಬಂದು ಇಂಗುಗುಂಡಿ ತೋಡಿಸಿದೆವು. ಆಮೇಲೆ ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಹಾಕಿ ಎಷ್ಟು ಎತ್ತರಿಸಿದ್ದಾರೆಂದರೆ, ಈಗ ಮಳೆ ಬಂದರೆ ಬೀದಿಯ ಕೊಳಚೆ ನಮ್ಮ ಸಂಪಿಗೇ ಇಳಿಯುತ್ತದೆ. ಅದೂ ಒಂಥರಾ ಕೊಯ್ಲೇ, ಅಲ್ವಾ? ಹಸಿ ಕಸದ ಗೊಬ್ಬರ ನಾನು ಮನೇಲೇ ಮಾಡುತ್ತೇನೆ, ಆದರೆ ಬೀದಿ ಮೂಲೆಯಲ್ಲಿ ಕಸ ಗುಡಿಸುವವರು ಒಣ ಎಲೆ ಗುಡ್ಡೆ ಹಾಕಿ ಬೆಂಕಿ ಇಡುತ್ತಾರೆ. ಹೇಳಿದರೆ ಮೇಲಿನವರಿಗೆ ಹೇಳಿ ಅಂತಾರೆ. ಮೇಲಿನವರು ಯಾರು, ಆ ದೇವರಾ?

ಇನ್ನೊಂದು ಗಮ್ಮತ್ತು. ಬ್ಯಾಟರಿ ಇಲ್ಲದ ಈ ಸೋಲಾರ್ ಕರೆಂಟ್ ಹೋದರೆ ತಾನೂ ನಿಂತುಹೋಗುತ್ತದೆ. ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ, ಅದು ಸರಿಯೇ. ಆದರೆ ಮೇಳದಲ್ಲಿ ಇನ್ನು ಪವರ್ ಕಟ್ ಚಿಂತೆಯೇ ಇಲ್ಲ ಅಂತ ಮೈಕಿನಲ್ಲಿ ಕೂಗಿದರಲ್ಲ, ಆ ಪುಣ್ಯಾತ್ಮರಿಗೆ ಇದು ಗೊತ್ತಿರಲಿಲ್ಲವಾ?

ಸಂಬಂಧಪಟ್ಟವರು ಮೀಟರ್ ಹಾಕಲಿ. ಆಗದಿದ್ದರೆ ಫಲಕವಾದರೂ ಬಿಚ್ಚಿಕೊಂಡು ಹೋಗಲಿ, ಸಂಡಿಗೆಗೆ ಜಾಗ ಸಿಗುತ್ತೆ. ಹಗಲು ದೀಪ ಆರಿಸಲಿ, ರಸ್ತೆ ಕೆರೆದು ತಗ್ಗಿಸಲಿ, ಏನಾದರೂ ಒಂದು ಮಾಡಲಿ. ಮುಂದಿನ ಮೇಳದ ಶಾಮಿಯಾನವನ್ನು ಮಾತ್ರ ನಮ್ಮ ಗೇಟಿಗೆ ಅಡ್ಡ ಹಾಕಬೇಡಿ ಅಂತ ಹೇಳಿ, ಆವತ್ತು ಹಾಲಿನವನೂ ವಾಪಸ್ ಹೋದ.

ನಿಮ್ಮ ಓದುಗರಲ್ಲೊಬ್ಬಳು, ಬೆಂಗಳೂರು