ಮಗಳಿಗೊಂದು ಪತ್ರ: ಅಜ್ಜಿಯ ಹಾಲಿನ ಲೆಕ್ಕ ಮತ್ತು ಪಿಎಚ್‌ಪಿ

ಪ್ರೀತಿಯ ಪುಟ್ಟಿ,

ವೆಬ್ ಪುಟ ಕಟ್ಟುವ ಪ್ರೋಗ್ರಾಮಿಂಗ್ ಭಾಷೆ ಪಿಎಚ್‌ಪಿಯನ್ನು ಕಲಿಯಲು ಯಾವ ಕೋರ್ಸಿಗೆ ಸೇರಲಿ ಎಂದು ಕೇಳಿದ್ದೀಯ. ಸದ್ಯಕ್ಕೆ ಯಾವುದಕ್ಕೂ ಬೇಡ. ರಜೆಯಲ್ಲಿ ನಲವತ್ತು ವಿಡಿಯೋ ನೋಡಿದೆಯಲ್ಲ, ಒಂದು ಸಾಲನ್ನಾದರೂ ಸ್ವಂತವಾಗಿ ಬರೆದೆಯಾ?

1994ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಹೊಸ ಭಾಷೆ ಕಟ್ಟಲು ಹೊರಟವನಲ್ಲ. ತನ್ನ ವೆಬ್ ಪುಟವನ್ನು ಯಾರು ನೋಡುತ್ತಾರೆಂದು ತಿಳಿಯಲು ಸಣ್ಣಪುಟ್ಟ ಸಾಧನಗಳನ್ನು ಬರೆದುಕೊಂಡ. ಹೆಸರೂ ಅಷ್ಟೇ ಸರಳ: ಪರ್ಸನಲ್ ಹೋಮ್ ಪೇಜ್. ಕನ್ನಡ ವಿಕಿಪೀಡಿಯ ಇಂದು ನಡೆಯುತ್ತಿರುವುದು ಅದೇ ಭಾಷೆಯ ಮೇಲೆ. ನಿನಗೂ ಮನೆಯಲ್ಲೇ ಒಂದು ಕೆಲಸವಿದೆ: ಅಜ್ಜಿಯ ಹಾಲಿನ ಲೆಕ್ಕ.

ಪಿಎಚ್‌ಪಿಯ ಒಳಗೇ ಪ್ರಯೋಗಕ್ಕೆಂದು ಪುಟವನ್ನು ಬ್ರೌಸರಿಗೆ ಒದಗಿಸುವ ಪುಟ್ಟ ಸರ್ವರ್ ಇದೆ, ಬೇರೇನೂ ಬೇಕಿಲ್ಲ. ಮೊದಲು ಹತ್ತು ದಿನದ ಲೀಟರುಗಳನ್ನು ಒಂದು ಪಟ್ಟಿಯಲ್ಲಿಟ್ಟು ಕೂಡಿಸು. ಆಮೇಲೆ ಅಂಕಿ ತುಂಬಲು ಫಾರ್ಮ್ ಮಾಡು. ಮರುದಿನ ಪುಟ ತೆರೆದಾಗ ತುಂಬಿದ್ದೆಲ್ಲ ಮಾಯವಾಗಿರುತ್ತದೆ. ತುಂಬಿದ್ದನ್ನು ಉಳಿಸಿಡುವ ಡೇಟಾಬೇಸ್ ಏಕೆ ಬೇಕೆಂದು ಆಗ ಯಾರೂ ಹೇಳಿಕೊಡಬೇಕಾಗಿಲ್ಲ.

ತಪ್ಪು ತೋರಿಸುವ ಸಂದೇಶ ಕಂಡೊಡನೆ ಕಿಟಕಿ ಮುಚ್ಚಬೇಡ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ, ಎಂಟನೆಯ ಸಾಲಿನಲ್ಲಿ ತಪ್ಪಿದೆ ಎಂದು ಪರದೆ ಹೇಳಿತು. ಇಡೀ ಮಧ್ಯಾಹ್ನ ಆ ಸಾಲನ್ನೇ ಅಳಿಸಿ ಅಳಿಸಿ ಬರೆದೆ. ಅರ್ಧವಿರಾಮ (;) ಬಿಟ್ಟುಹೋಗಿದ್ದು ಏಳನೆಯ ಸಾಲಿನ ಕೊನೆಯಲ್ಲಿ! ಅರ್ಧವಿರಾಮ ಕಾಣುವವರೆಗೆ ಮಾತು ಮುಗಿಯಿತೆಂದು ಪಿಎಚ್‌ಪಿ ನಂಬುವುದಿಲ್ಲ. ಮುಂದಿನ ಸಾಲಿಗೆ ಹೋಗಿ ಮುಗ್ಗರಿಸುತ್ತದೆ. ಬಿದ್ದ ಜಾಗ ತೋರಿಸುತ್ತದೆ, ಎಡವಿದ ಕಲ್ಲನ್ನಲ್ಲ.

ಇನ್ನೊಂದು ತಮಾಷೆ ಕಾದಿದೆ. ಹಸುವಿನ ಹೆಸರಿಗೂ ಒಂದು ಜಾಗ ಇಡುತ್ತೀಯಲ್ಲ, 'ಗೌರಿ' ಎಂದು ತುಂಬಿ, ಅದರ ಉದ್ದ ಎಷ್ಟೆಂದು ಪಿಎಚ್‌ಪಿಯ ಸ್ಟ್ರ್‌ಲೆನ್ (strlen) ಎಂಬ ಆಜ್ಞೆಯಿಂದ ಕೇಳು. 12 ಎನ್ನುತ್ತದೆ. ಅದರ ಜೊತೆಗಾರ ಎಂಬಿ ಸ್ಟ್ರ್‌ಲೆನ್ (mb_strlen) ಕೇಳಿದರೆ 4. ನಮ್ಮ ಕಣ್ಣಿಗೆ ಎರಡೇ ಅಕ್ಷರ. ಮೊದಲನೆಯದು ಬೈಟುಗಳನ್ನು, ಅಂದರೆ ಕಂಪ್ಯೂಟರಿನ ನೆನಪಿನ ಪುಟ್ಟ ತುಣುಕುಗಳನ್ನು ಎಣಿಸುತ್ತದೆ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟು. ಎರಡನೆಯದು ಗ, ಔತ್ವ, ರ, ಗುಡಿಸು ಎಂದು ಬಿಡಿಬಿಡಿಯಾಗಿ ಎಣಿಸುತ್ತದೆ. ಹೆಸರು ಹತ್ತು ಅಕ್ಷರ ಮೀರಬಾರದೆಂದು ಸ್ಟ್ರ್‌ಲೆನ್ ನಂಬಿ ನಿಯಮ ಹಾಕಿದರೆ, ಗೌರಿಗೇ ನಿನ್ನ ಪುಟದಲ್ಲಿ ಪ್ರವೇಶವಿಲ್ಲ. ಇಂಗ್ಲಿಷ್ ಹೆಸರುಗಳನ್ನೇ ಹಾಕಿ ಕಲಿಸುವ ಪಾಠಗಳಲ್ಲಿ ಇದು ಎದುರಾಗುವುದೇ ಇಲ್ಲ.

ಅಜ್ಜಿ ಕನ್ನಡ ಅಂಕಿಯಲ್ಲೇ ಬರೆಯುವವಳು. ಅವಳ ೫ ಪಿಎಚ್‌ಪಿಗೆ ಸಂಖ್ಯೆಯೇ ಅಲ್ಲ, ಬರಿಯ ಚಿತ್ರ. ಅದನ್ನು 5 ಮಾಡುವ ದಾರಿಯನ್ನು ನೀನೇ ಹುಡುಕು. ಅದಕ್ಕೆ ಬೇಕಾದ ಆಜ್ಞೆ ಪಿಎಚ್‌ಪಿಯ ಅಧಿಕೃತ ಕೈಪಿಡಿಯಲ್ಲಿ ಉದಾಹರಣೆಗಳ ಸಮೇತ ಇದೆ. ಎಐಯನ್ನು ಕೇಳುವುದಾದರೆ, ನಿನ್ನ ಸಾಲು ಏಕೆ ತಪ್ಪೆಂದು ಕೇಳು, ಬರೆದುಕೊಡು ಎನ್ನಬೇಡ.

ಭಾನುವಾರ ಬರುವಾಗ ಲ್ಯಾಪ್‌ಟಾಪ್ ತಾ. ಲೆಕ್ಕದ ಪುಸ್ತಕವನ್ನು ಅಜ್ಜಿ ಕೈಬಿಟ್ಟು ಕೊಡುವುದಿಲ್ಲ, ಪಕ್ಕದಲ್ಲೇ ಕುಳಿತು ಬರೆದುಕೊಳ್ಳಬೇಕು.

ನಿನ್ನ
ಅಮ್ಮ