ಚಪ್ಪಲಿ ಬಿಚ್ಚಿಸದೆ ಮುಗಿಯುವ ಸಕ್ಕರೆ ತಪಾಸಣೆ

ಮಾನ್ಯ ಸಂಪಾದಕರೇ,

ಮಂಡ್ಯ ಸುತ್ತಲ ಹಳ್ಳಿಗಳಲ್ಲಿ ಮಧುಮೇಹ ತಪಾಸಣಾ ಶಿಬಿರಗಳು ನಡೆಯುತ್ತಿರುವುದು ಸಂತೋಷದ ವಿಷಯ. ಆದರೆ ನಾನು ಕಂಡ ಶಿಬಿರಗಳಲ್ಲಿ ಬೆರಳಿಗೆ ಸೂಜಿ ಚುಚ್ಚಿ, ಯಂತ್ರದಲ್ಲಿ ಬಂದ ಅಂಕಿಯನ್ನು ಚೀಟಿಯಲ್ಲಿ ಬರೆದು, ಮಾತ್ರೆ ಕೊಟ್ಟು ಕಳುಹಿಸಿದರೆ ಕೆಲಸ ಮುಗಿಯಿತು. ಚಪ್ಪಲಿ ಬಿಚ್ಚಿ ಎಂದು ಯಾರೂ ಹೇಳುವುದಿಲ್ಲ. ಈ ಲೋಪದ ಬೆಲೆಯನ್ನು ನಮ್ಮ ಮನೆಯೂ ತೆತ್ತಿರುವುದರಿಂದ ಬರೆಯುತ್ತಿದ್ದೇನೆ.

ನನ್ನ ಅಣ್ಣ ಕಬ್ಬು ಬೆಳೆಗಾರರು. ಹನ್ನೆರಡು ವರ್ಷಗಳ ಸಕ್ಕರೆ ಕಾಯಿಲೆ, ಜೊತೆಗೆ ಬೀಡಿ. ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಏರಿಯ ಮೇಲೆ ನಡೆಯುವಾಗ ಮೀನಖಂಡ ಹಿಡಿದುಕೊಳ್ಳುತ್ತದೆ, ಎರಡು ನಿಮಿಷ ನಿಂತರೆ ಬಿಡುತ್ತದೆ ಎಂದು ಅವರು ಹೇಳುತ್ತಿದ್ದಾಗ ವಯಸ್ಸಾಯಿತಲ್ಲ ಎಂದು ನಾವೆಲ್ಲ ಸುಮ್ಮನಿದ್ದೆವು. ಕಳೆದ ವರ್ಷ ಕಟಾವಿನ ವೇಳೆ ಕಬ್ಬಿನ ಕೂಳೆ ಹೆಬ್ಬೆರಳ ಬುಡಕ್ಕೆ ಹೊಕ್ಕಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಸಂಜೆ ಬಚ್ಚಲ ಕಲ್ಲಿನ ಮೇಲೆ ರಕ್ತ ಕಂಡವರು ಅತ್ತಿಗೆ. ಗಾಯ ಮಾಯಲಿಲ್ಲ, ಬೆರಳು ಕಪ್ಪಾಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಮುಚ್ಚಿದ್ದ ರಕ್ತನಾಳದೊಳಗೆ ಸಣ್ಣ ಬಲೂನು ಹಾಕಿ ಅದನ್ನು ತೆರೆದು ಪಾದವನ್ನು ಉಳಿಸಿದರು, ಎರಡು ಬೆರಳು ಹೋದವು.

ಮೀನಖಂಡದ ಆ ನೋವೇ ಮೊದಲ ಎಚ್ಚರಿಕೆಯಾಗಿತ್ತೆಂದು ಆಮೇಲೆ ತಿಳಿಯಿತು. ಆರೋಗ್ಯವಂತ ರಕ್ತನಾಳದ ಒಳಪದರವು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಒಸರಿಸಿ ನಾಳವನ್ನು ಸಡಿಲವಾಗಿಡುತ್ತದೆ. ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ಆ ಪದರ ಕೆಟ್ಟು, ನಾಳ ಬಿಗಿದು, ಕೊಬ್ಬು ಕೂತು, ಗೋಡೆಗೆ ಸುಣ್ಣ (ಕ್ಯಾಲ್ಸಿಯಂ) ಕಟ್ಟಿ ಹಾದಿ ಕಿರಿದಾಗುತ್ತದೆ. ನಡೆಯುವಾಗ ಮೀನಖಂಡಕ್ಕೆ ಸಾಕಷ್ಟು ರಕ್ತ ಸಿಗದೆ ನೋವು ಬರುವುದು ಹೀಗೆ. ಹೃದಯ ಮತ್ತು ಮಿದುಳಿನ ನಾಳಗಳಿಗೂ ಇದೇ ಗತಿ. ಮಧುಮೇಹಿಗಳಲ್ಲಿ ಮೊಣಕಾಲಿನ ಕೆಳಗಿನ ನಾಳಗಳು ವಿಶೇಷವಾಗಿ ಪೆಟ್ಟು ತಿನ್ನುತ್ತವೆ. ಕಣ್ಣು ಮತ್ತು ಮೂತ್ರಪಿಂಡಗಳ ಕೂದಲಿಗಿಂತ ಸಣ್ಣ ನಾಳಗಳು ಹಾಳಾಗುವಂತೆಯೇ ನರಗಳಿಗೆ ರಕ್ತ ಒದಗಿಸುವ ನಾಳಗಳೂ ಹಾಳಾಗುವುದರಿಂದ ಪಾದ ಮರಗಟ್ಟುತ್ತದೆ. ಹೀಗೆ ಗಾಯವನ್ನು ಮಾಯಿಸುವ ರಕ್ತವೂ ಇಲ್ಲ, ಗಾಯವಾಯಿತೆಂದು ತಿಳಿಸುವ ನೋವೂ ಇಲ್ಲ. ಜೋಮು ಹಿಡಿಯಿತೆಂದು ಬಿಸಿನೀರಿನಲ್ಲಿ ಕಾಲಿಟ್ಟು ಬೊಬ್ಬೆ ಬರಿಸಿಕೊಂಡವರನ್ನೂ ಅಣ್ಣನಿದ್ದ ವಾರ್ಡಿನಲ್ಲೇ ಕಂಡೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿದೆ. ಇಷ್ಟು ಜನರ ಕಾಲು ನೋಡಲು ಯಂತ್ರಗಳೆಲ್ಲಿವೆ ಎಂದು ಕೇಳಬಹುದು. ಯಂತ್ರ ಬೇಕಾಗಿಲ್ಲ. ಪಾದದ ಮೇಲ್ಭಾಗದಲ್ಲಿ ಮತ್ತು ಕಣಕಾಲಿನ ಒಳಬದಿಯ ಮೂಳೆಯ ಹಿಂದೆ ಎರಡು ಬೆರಳಿಟ್ಟರೆ ನಾಡಿ ಸಿಗುತ್ತದೆಯೋ ಇಲ್ಲವೋ ತಿಳಿಯುತ್ತದೆ. ಅಂಗಾಲಿಗೆ ಒತ್ತಿದಾಗ 10 ಗ್ರಾಂ ಭಾರಕ್ಕೆ ಬಾಗುವ ನೈಲಾನ್ ಎಳೆಯೊಂದು ಸ್ಪರ್ಶಜ್ಞಾನ ಉಳಿದಿದೆಯೋ ಇಲ್ಲವೋ ತಿಳಿಸುತ್ತದೆ. ಅನುಮಾನವಿದ್ದವರಿಗೆ ಕಣಕಾಲಿನ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸಿದಾಗ ಅನುಪಾತ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ ಎಂದರ್ಥ. ಆದರೆ ಸುಣ್ಣಗಟ್ಟಿದ ನಾಳ ರಕ್ತದೊತ್ತಡ ಅಳೆಯುವ ಪಟ್ಟಿಯ ಒತ್ತಡಕ್ಕೆ ಬಗ್ಗದೆ ಅಂಕಿಯನ್ನು ಸುಳ್ಳಾಗಿ ಏರಿಸಬಹುದಾದ್ದರಿಂದ, ಅನುಪಾತ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಮಧುಮೇಹಿಯನ್ನು ಮನೆಗೆ ಕಳುಹಿಸಬಾರದು.

ಮಾತ್ರೆಯಿಂದ ಸಕ್ಕರೆಯ ಅಂಕಿ ಇಳಿದ ಮಾತ್ರಕ್ಕೆ ಅಣ್ಣನ ಕಾಲು ಉಳಿಯುತ್ತಿರಲಿಲ್ಲವೇನೋ. ದೊಡ್ಡ ನಾಳಗಳಿಗೆ ಬೀಡಿ, ರಕ್ತದೊತ್ತಡ, ಕೊಲೆಸ್ಟರಾಲ್ ಕೂಡ ಅಷ್ಟೇ ಶತ್ರುಗಳು. ಆದರೆ ಒಂದು ಸಲವಾದರೂ ಯಾರಾದರೂ ಬಗ್ಗಿ ಅವರ ಪಾದ ಮುಟ್ಟಿದ್ದರೆ ಕೂಳೆ ಚುಚ್ಚುವ ಮೊದಲೇ ವಿಷಯ ಗೊತ್ತಾಗುತ್ತಿತ್ತು. ಆದ್ದರಿಂದ ಶಿಬಿರ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ನೀವು ಕೊಡುವ ಚೀಟಿಯಲ್ಲಿ ಸಕ್ಕರೆಯ ಅಂಕಿಯ ಕೆಳಗೆ ‘ಪಾದದ ನಾಡಿ, ಬಲ, ಎಡ’ ಎಂದು ಇನ್ನೊಂದು ಸಾಲು ಅಚ್ಚು ಹಾಕಿಸಿ, ಅದನ್ನು ತುಂಬದೆ ಚೀಟಿ ಕೊಡಬೇಡಿ.

– ಓದುಗ, ಮಂಡ್ಯ