ಶನಿವಾರ ಪೇಟೆ ಸುತ್ತೋಣ, ಬನ್ನಿ

ಎಲ್ಲರಿಗೂ ನಮಸ್ಕಾರ. ಶನಿವಾರ ಬೆಳಿಗ್ಗೆ 10ಕ್ಕೆ ಚಿಕ್ಕಪೇಟೆ ಮೆಟ್ರೋ ನಿಲ್ದಾಣದ ಹೊರಗೆ ಸೇರೋಣ. ಭಾನುವಾರ ಬೇಡ, ತುಂಬಾ ಅಂಗಡಿ ಮುಚ್ಚಿರುತ್ತವೆ.

ಬೆಂಗಳೂರು ಅಂದ್ರೆ ನನಗೆ ಈ ಪೇಟೆಯೇ. ಕೆಂಪೇಗೌಡರು ಕಟ್ಟಿಸಿದ ಊರು ಇದು, ಹೆಸರು ಕೇಳಿದರೇ ಕಸುಬು ಗೊತ್ತಾಗುತ್ತೆ: ಅಕ್ಕಿಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಬಳೇಪೇಟೆಯಲ್ಲಿ ಈಗ ವಾದ್ಯದ ಅಂಗಡಿಗಳೂ ಇವೆ. ಕಳೆದ ಸಲ ಅಲ್ಲಿ ಒಬ್ಬ ಅಜ್ಜ ತಬಲಾದ ಬಾರು ಬಿಗಿದು, ಅಂಚಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಕಿವಿಗೊಟ್ಟು, ಮತ್ತೆ ತಟ್ಟುತ್ತಿದ್ದರು, ನಾನು ಹತ್ತು ನಿಮಿಷ ನಿಂತುಬಿಟ್ಟೆ.

ಧರ್ಮರಾಯನ ಗುಡಿಗೂ ಹೋಗೋಣ. ಚೈತ್ರ ಹುಣ್ಣಿಮೆ ರಾತ್ರಿ ಕರಗ ಹೊರಡುವುದು ಅಲ್ಲಿಂದಲೇ, ದಾರಿಯಲ್ಲಿ ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗುತ್ತೆ. ಎಷ್ಟು ಚೆಂದ ಅಲ್ವಾ?

ಗಲ್ಲಿಗಳು ಕಿರಿದು, ಕೈಗಾಡಿ ಜಾಸ್ತಿ, ಕಾರು ತರಬೇಡಿ. ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ.